ಬೀಗರಿಕೆಯೂ ರಾಜತಂತ್ರವೂ

ರಾಜತಂತ್ರ ಎಂದೊಡನೆ ನಮಗೆಲ್ಲ ನೆನಪಾಗುವುದು ಒಂದೇ ಚಿತ್ರ. ಉದ್ದನೆಯ ಮೇಜು, ಅದರ ಎರಡೂ ಬದಿಗೆ ಕೋಟು ತೊಟ್ಟು ಕುಳಿತ ಗಂಡಸರು, ನಡುವೆ ಎರಡು ಪುಟ್ಟ ಬಾವುಟ. ಪತ್ರಿಕೆಯ ಆ ಪುಟವನ್ನು ನಮ್ಮ ಮನೆಗಳಲ್ಲಿ ಹೆಂಗಸರು ಹೆಚ್ಚಾಗಿ ಓದದೆ ತಿರುವಿಹಾಕುತ್ತಾರೆ. ಇದು ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ಯಾರು ಕೂರಿಸಿದರು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಆದರೆ ಬೀಗರ ಮನೆಗೆ ಮೊದಲ ಸಲ ಹೋಗುವಾಗ ಯಾರು ಮುಂದೆ ನಡೆಯಬೇಕು, ಯಾರಿಗೆ ಸೀರೆ, ಯಾರಿಗೆ ಬರೀ ಕುಪ್ಪಸದ ಕಣ, ಅವರು ಉಡಿ ತುಂಬಿದ್ದಕ್ಕೆ ನಾವು ಯಾವಾಗ, ಎಷ್ಟು ತಿರುಗಿ ಕೊಡಬೇಕು, ಮುನಿಸಿಕೊಂಡ ಹಿರಿಯರ ಹತ್ತಿರ ಯಾರ ಬಾಯಿಂದ ಮಾತು ಆಡಿಸಬೇಕು, ಇದೆಲ್ಲವನ್ನೂ ಯಾವ ಪುಸ್ತಕ ನೋಡದೆ ನಡೆಸುವವರು ಯಾರು? ಎರಡು ಮನೆಗಳ ನಡುವೆ ನಡೆಯುವ ಈ ಕೆಲಸಕ್ಕೆ ನಾವು ಬೀಗರಿಕೆ ಎನ್ನುತ್ತೇವೆ. ಎರಡು ರಾಜ್ಯಗಳ ನಡುವೆ ನಡೆದಾಗ ಅದರ ಹೆಸರು ಬದಲಾಗುತ್ತದೆ, ಮಾಡುವವರಿಗೆ ಸಂಬಳ ಬರುತ್ತದೆ.

ಇದು ಬರಿಯ ಚಮತ್ಕಾರದ ಮಾತಲ್ಲ. ಮಾನವಶಾಸ್ತ್ರಜ್ಞರು ರಾಜತಂತ್ರವನ್ನು ನೋಡತೊಡಗಿದ್ದು ಬಹುಮಟ್ಟಿಗೆ ಈ ಬಾಗಿಲಿನಿಂದಲೇ. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದರು. ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ತಿರುಗಿ ಕೊಡಲೇಬೇಕು ಎಂಬ ಮೂರು ಕಟ್ಟುಪಾಡುಗಳಿಂದ ಕುಲ ಕುಲಗಳ ನಡುವೆ ಸಂಧಿ ನಿಲ್ಲುತ್ತದೆ ಎಂದರು. ನಮ್ಮ ಮುಯ್ಯಿ ಎಂಬ ಒಂದೇ ಶಬ್ದದಲ್ಲಿ ಆ ಮೂರೂ ಅಡಗಿವೆ. ಸ್ನೇಹಕ್ಕೂ ಮುಯ್ಯಿ, ಸೇಡಿಗೂ ಮುಯ್ಯಿ. ಮೈಸೂರಿನ ಎಂ.ಎನ್. ಶ್ರೀನಿವಾಸರು ಸಮಾಜವನ್ನು ಪುಸ್ತಕದ ನೋಟದಿಂದಲ್ಲ, ಕ್ಷೇತ್ರದ ನೋಟದಿಂದ ನೋಡಬೇಕು ಎಂದರು. ಅಂದರೆ ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವುದರ ಬದಲು ಊರಲ್ಲಿ ಹೋಗಿ ಇದ್ದು, ಜನ ಏನು ಮಾಡುತ್ತಾರೆ ಎಂದು ನೋಡುವುದು. ಅದೇ ರೀತಿಯಲ್ಲಿ ನಾರ್ವೆಯ ಐವರ್ ನಾಯ್ಮನ್ ತಮ್ಮ ದೇಶದ ವಿದೇಶಾಂಗ ಕಚೇರಿಯೊಳಗೇ ಕೆಲಸ ಮಾಡಿ, ಅಲ್ಲಿನ ಅಧಿಕಾರಿಗಳನ್ನು ಒಂದು ಬುಡಕಟ್ಟನ್ನು ನೋಡುವಂತೆ ನೋಡಿ, 2012ರಲ್ಲಿ ಪುಸ್ತಕ ಪ್ರಕಟಿಸಿದರು.

ಈ ನೋಟ ಎಷ್ಟು ದೂರ ಸಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಪರೀಕ್ಷಿಸಲು ನಾವು ನಾರ್ವೆಗೆ ಹೋಗಬೇಕಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ, ಒಂದೇ ರಸ್ತೆಯ ಮೇಲೆ ಮೂರು ಊರುಗಳಿವೆ: ಲಿಂಗಸುಗೂರು, ಮಸ್ಕಿ, ಸಿಂಧನೂರು. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ರಾಜ್ಯ ರಾಜ್ಯಗಳ ಕೊಡುಕೊಳ್ಳುವಿಕೆ ಈ ನೆಲದ ಮೇಲೆ ನಡೆದಿದೆ. ಆ ಲೆಕ್ಕದಲ್ಲಿ ಹೆಂಗಸರು ಯಾವ ಕಾಲಮಿನಲ್ಲಿ ಬರುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಮಸ್ಕಿಯಿಂದ ಶುರುಮಾಡೋಣ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರ ಹುಡುಕಿಕೊಂಡು ಓಡಾಡುವಾಗ ಇಲ್ಲಿಯ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು. ಆ ಬಿರುದು ಅಶೋಕನದೇ ಎಂಬುದು ಲಂಕೆಯ ಗ್ರಂಥಗಳಿಂದ ಊಹಿಸಿದ ಸಂಗತಿಯಾಗಿತ್ತು. ಶಾಲೆಯ ಪಾಠದಲ್ಲಿ ಮಸ್ಕಿಯ ಮಹತ್ವ ಇಲ್ಲಿಗೇ ಮುಗಿಯುತ್ತದೆ. ಅಲ್ಲಿ ಬರೆದದ್ದೇನು ಎಂದು ಯಾರೂ ಕೇಳುವುದಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಸಣ್ಣವರಿಗೂ ದಕ್ಕುತ್ತದೆ, ಇಬ್ಬರಿಗೂ ಇದನ್ನು ತಿಳಿಹೇಳಬೇಕು ಎಂಬುದು ಅದರ ತಿರುಳು. ರಾಜಧಾನಿಯಿಂದ ಇಷ್ಟು ದೂರದ ದಕ್ಷಿಣದಲ್ಲಿ ಒಬ್ಬ ಚಕ್ರವರ್ತಿ ಸಣ್ಣವರನ್ನು ಕರೆದು ಮಾತಾಡುತ್ತಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನವಂತೂ ಇನ್ನೂ ಮುಂದೆ ಹೋಗಿ, ಗೆಲ್ಲದೆ ಉಳಿದ ಗಡಿಯಾಚೆಯ ಜನ ತನಗೆ ಅಂಜಬಾರದು, ತಾನು ಅವರಿಗೆ ತಂದೆಯ ಹಾಗೆ ಎನ್ನುತ್ತದೆ. ನೆರೆಯವರ ಜೊತೆ ನೆಂಟಸ್ತಿಕೆಯ ಭಾಷೆಯಲ್ಲಿ ಮಾತಾಡುವುದು ಅಂದಿನಿಂದಲೂ ರಾಜತಂತ್ರದ ರೂಢಿ.

ಇದೇ ಅಶೋಕನ ಒಂಬತ್ತನೆಯ ಬಂಡೆ ಶಾಸನ ಮಸ್ಕಿಯಲ್ಲಿಲ್ಲ, ಆಂಧ್ರದ ಎರ್ರಗುಡಿಯಲ್ಲಿದೆ. ರೋಗ ಬಂದಾಗ, ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನ ಬಗೆಬಗೆಯ ಮಂಗಳಕಾರ್ಯ ಮಾಡುತ್ತಾರೆ, ಅದರಲ್ಲೂ ಹೆಂಗಸರು ಮಾಡುವವು ಬಹಳ, ಕ್ಷುಲ್ಲಕ, ನಿರರ್ಥಕ ಎಂದು ಅಲ್ಲಿ ಹೇಳಿದೆ. ಅವನ್ನು ಮಾಡಬೇಡಿ ಎಂದಲ್ಲ, ಆದರೆ ಫಲ ಅಲ್ಪ, ಧರ್ಮವೆಂಬ ಮಂಗಳವೇ ದೊಡ್ಡದು ಎಂಬ ಅಭಿಪ್ರಾಯ. ಶಾಂತಿಯ ಅರಸನೆಂದು ಗೌರವಿಸುತ್ತಲೇ ಈ ಮಾತನ್ನು ಒಪ್ಪದಿರುವ ಹಕ್ಕು ನಮಗಿದೆ. ಪಕ್ಕದ ಮನೆಯ ಬಾಣಂತಿಗೆ ಎಣ್ಣೆ ಬೆಲ್ಲ ಒಯ್ದು ಕೊಡುವುದು, ಮಾತು ಬಿಟ್ಟವರನ್ನೂ ಆರತಿಗೆ ಕರೆಯುವುದು, ಹಬ್ಬದ ನೆವದಲ್ಲಿ ಮುರಿದ ಸಂಬಂಧಕ್ಕೆ ಹೊಲಿಗೆ ಹಾಕುವುದು, ಇವೇ ಆ ಕ್ಷುಲ್ಲಕ ಮಂಗಳಗಳು. ಅರಸು ದೂತರನ್ನು ಕಳಿಸಿ ಮಾಡಿಸಿದ ಕೆಲಸವನ್ನು ಇವು ದೂತರಿಲ್ಲದೆ ಮಾಡುತ್ತಿದ್ದವು. ಒಂದು ಶಾಸನಕ್ಕೆ ಏರಿತು, ಇನ್ನೊಂದು ನಿರರ್ಥಕ ಎನಿಸಿಕೊಂಡಿತು. ನಮ್ಮ ಕೆಲಸಕ್ಕೆ ಬೆಲೆಯಿಲ್ಲ ಎಂಬ ಮಾತು ಕಲ್ಲಿನ ಮೇಲೆ ಬಿದ್ದು ಇಪ್ಪತ್ತೆರಡು ಶತಮಾನಗಳಾದವು.

ಎರಡನೆಯದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೆ. ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿದ್ದ ಫೆರಿಸ್ತಾ ಹದಿನೇಳನೆಯ ಶತಮಾನದ ಆರಂಭದಲ್ಲಿ, ಅಂದರೆ ಘಟನೆಯಾಗಿ ಎರಡು ನೂರು ವರ್ಷಗಳ ಮೇಲೆ, ಇದನ್ನು ಬರೆದ. 1900ರಲ್ಲಿ ರಾಬರ್ಟ್ ಸೆವೆಲ್ ತಮ್ಮ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಅದನ್ನು ಮತ್ತೆ ಹೇಳಿದರು. ಮುದಗಲ್ಲಿನಲ್ಲಿ ಒಬ್ಬ ಸುಂದರ ಹುಡುಗಿ ಇದ್ದಳು. ಅನುವಾದಗಳಲ್ಲಿ ಪರ್ತಾಲ್ ಎಂದು ಅವಳ ಹೆಸರು. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಅವಳನ್ನು ಕಂಡು ಸಂಗೀತ ಕಲಿಸಿದ. ವಿಜಯನಗರಕ್ಕೆ ಹೋಗಿ ಒಂದನೆಯ ದೇವರಾಯನ ಮುಂದೆ ವರ್ಣಿಸಿದ. ಅರಸ ಒಡವೆ ವಸ್ತ್ರ ಕೊಟ್ಟು ಹೇಳಿಕಳಿಸಿದ. ತಾಯಿತಂದೆ ಹಿಗ್ಗಿದರು. ಹುಡುಗಿ ಒಲ್ಲೆ ಎಂದಳು. ಅರಮನೆ ಸೇರಿದ ಹೆಣ್ಣಿಗೆ ತಾಯಿತಂದೆಯರನ್ನು ಮತ್ತೆ ನೋಡುವ ಅವಕಾಶವಿಲ್ಲ, ಒಡವೆಗಾಗಿ ನನ್ನನ್ನು ಮಾರಬೇಡಿ ಎಂಬುದು ಅವಳ ಮಾತಿನ ಅರ್ಥ. ಅರಸ ಸೈನ್ಯ ಕಳಿಸಿದ, ಮನೆಯವರು ಊರು ಬಿಟ್ಟು ಓಡಿದರು, ಸೈನ್ಯ ಸುತ್ತಲಿನ ಹಳ್ಳಿಗಳನ್ನು ಸುಲಿದು ಹೋಯಿತು. ಬಹಮನಿ ಸುಲ್ತಾನ ಫಿರೋಜ್ ಷಾ ತಿರುಗಿ ದಂಡೆತ್ತಿ ವಿಜಯನಗರದವರೆಗೂ ಹೋದ. ಇದು 1406ರ ಮಾತು. ಕೊನೆಗೆ ಸಂಧಿಯಾಯಿತು. ದೇವರಾಯ ತನ್ನ ಮಗಳನ್ನು ಫಿರೋಜನಿಗೆ ಕೊಟ್ಟ, ಜೊತೆಗೆ ಬಂಕಾಪುರದ ಕೋಟೆ, ಹತ್ತು ಲಕ್ಷ ಹೊನ್ನು, ಮುತ್ತು, ಐವತ್ತು ಆನೆ. ಪರ್ತಾಲಳನ್ನು ಕರೆಸಿ ಫಿರೋಜನ ಮಗನಿಗೆ ಮದುವೆ ಮಾಡಲಾಯಿತು.

ಈ ಕಥೆಯೆಲ್ಲ ನಿಜವೇ ಎಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿದೆ. ನನ್ನ ತಕರಾರು ನಿಜಸುಳ್ಳಿನ ಬಗ್ಗೆ ಅಲ್ಲ, ಹೇಳಿದ ರೀತಿಯ ಬಗ್ಗೆ. ಮೊದಲನೆಯದಾಗಿ ಹೆಸರು. ಈ ಯುದ್ಧಕ್ಕೆ ಅಕ್ಕಸಾಲಿಗನ ಮಗಳ ಯುದ್ಧ ಎಂದೇ ಹೆಸರು ಬಿದ್ದುಹೋಗಿದೆ. ಈ ಎಡೆದೊರೆ ನಾಡಿಗಾಗಿ ಆ ಎರಡು ರಾಜ್ಯಗಳು ಆ ಹುಡುಗಿ ಹುಟ್ಟುವ ಮೊದಲೂ ಕಾದಾಡಿದ್ದವು, ಆಮೇಲೂ ಕಾದಾಡಿದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ಕಾದಿದಾಗ ಯಾವ ಹುಡುಗಿಯ ನೆವವೂ ಇರಲಿಲ್ಲ. ಎರಡು ಹೊಳೆಗಳ ನಡುವಿನ ನೆಲ, ಮುದಗಲ್ಲು ರಾಯಚೂರುಗಳಂಥ ಕೋಟೆಗಳು, ಭೂಮಿಯ ಆದಾಯ, ಇವು ಕಾರಣ. ಯುದ್ಧಕ್ಕೆ ಹೆಣ್ಣಿನ ಹೆಸರಿಟ್ಟರೆ ನೆಲದ ಆಸೆ ಮರೆಯಾಗುತ್ತದೆ. ಸೀತೆ ಗೆರೆ ದಾಟಿದ್ದಕ್ಕೆ, ದ್ರೌಪದಿ ನಕ್ಕಿದ್ದಕ್ಕೆ ಎಂದು ಕೇಳಿ ಬೆಳೆದ ನಮಗೆ ಈ ಉಪಾಯ ಹೊಸದಲ್ಲ.

ಎರಡನೆಯದಾಗಿ ಅವಳ ನಿರಾಕರಣೆಗೆ ಕೊಟ್ಟ ಕಾರಣ. ತವರು ತಪ್ಪಿಹೋಗುತ್ತದೆ ಎಂಬ ಮೊದಲ ಕಾರಣ ಯಾವ ಹೆಣ್ಣುಮಗಳಿಗಾದರೂ ಅರ್ಥವಾಗುತ್ತದೆ. ಆದರೆ ಫೆರಿಸ್ತಾನಿಗೆ ಅದು ಸಾಲಲಿಲ್ಲ. ತಾನು ಮುಸಲ್ಮಾನ ಅರಸರ ಮನೆ ಸೇರುವವಳು ಎಂದು ಅವಳಿಗೆ ಮೊದಲಿನಿಂದಲೂ ಅನಿಸುತ್ತಿತ್ತು ಎಂಬ ಇನ್ನೊಂದು ಕಾರಣವನ್ನು ಸೇರಿಸಿದ. ಅವನು ಬರೆದದ್ದು ಸುಲ್ತಾನರ ದರ್ಬಾರಿಗಾಗಿ. ವಿಜಯನಗರದ ಕವಿ ಬರೆದಿದ್ದರೆ ಅವಳ ಮನಸ್ಸಿನಲ್ಲಿ ಬೇರೊಂದು ಆಸೆ ಹುಟ್ಟಿಸುತ್ತಿದ್ದನೋ ಏನೋ. ಬೇಡ ಎಂದವಳ ಬೇಡವನ್ನು ಹಾಗೇ ಬಿಡಲು ಇಬ್ಬರಿಗೂ ಆಗುತ್ತಿರಲಿಲ್ಲ. ಅವಳ ಇಲ್ಲ ಎಂಬ ಮಾತಿನೊಳಗೆ ತಮ್ಮ ಕಡೆಯ ಹೌದು ಒಂದನ್ನು ಹುಡುಕಲೇಬೇಕಿತ್ತು. ಮೂರನೆಯದಾಗಿ, ದೇವರಾಯನ ಮಗಳು. ಹೊನ್ನು ಎಷ್ಟು, ಆನೆ ಎಷ್ಟು, ಮೆರವಣಿಗೆ ಎಂಥದು ಎಂದೆಲ್ಲ ಲೆಕ್ಕವಿರುವ ಕಥೆಯಲ್ಲಿ ಅವಳ ಹೆಸರಿಲ್ಲ.

ಈ ಹೆಸರಿಲ್ಲದವಳ ಎದುರಿಗೆ ಬಂದಾಗಲೇ ಮಾನವಶಾಸ್ತ್ರವೂ ಎಡವುತ್ತದೆ. ಲೆವಿ ಸ್ಟ್ರಾಸ್ 1949ರಲ್ಲಿ ಬರೆದ ಹೆಸರಾಂತ ಗ್ರಂಥದಲ್ಲಿ, ಗುಂಪುಗಳು ಹೆಣ್ಣುಗಳನ್ನು ಕೊಟ್ಟು ತಂದು ಮಾಡಿಕೊಳ್ಳುವುದರಿಂದಲೇ ಸಮಾಜದ ಸಂಬಂಧಗಳು ಕಟ್ಟಿಕೊಳ್ಳುತ್ತವೆ, ಹೆಣ್ಣೇ ಎಲ್ಲಕ್ಕಿಂತ ಬೆಲೆಬಾಳುವ ಉಡುಗೊರೆ ಎಂದರು. ಸೂತ್ರ ಮುದಗಲ್ಲಿನ ಕಥೆಗೆ ಕೈಗವಸಿನಂತೆ ಹೊಂದುತ್ತದೆ. ಅದು ಅಷ್ಟು ಚೆನ್ನಾಗಿ ಹೊಂದುವುದೇ ನನಗೆ ಅನುಮಾನ. ಗೇಲ್ ರೂಬಿನ್ ಎಂಬ ಅಮೆರಿಕದ ವಿದುಷಿ 1975ರ ಲೇಖನದಲ್ಲಿ ಇದಕ್ಕೆ ಸರಿಯಾದ ಪ್ರಶ್ನೆ ಎತ್ತಿದರು: ಹೆಣ್ಣು ಉಡುಗೊರೆಯಾದರೆ, ಕೊಟ್ಟವನೂ ಪಡೆದವನೂ ಬೀಗರಾಗುತ್ತಾರೆ, ಸಂಬಂಧದ ಲಾಭ ಅವರಿಬ್ಬರಿಗೆ. ಉಡುಗೊರೆಗೇ ಅದರಲ್ಲಿ ಏನು ಪಾಲು? ಈ ಪ್ರಶ್ನೆ ಇಲ್ಲದ ಮಾನವಶಾಸ್ತ್ರ ಫೆರಿಸ್ತಾನ ಲೆಕ್ಕದ ಪುಸ್ತಕವನ್ನೇ ಇನ್ನೊಂದು ಭಾಷೆಯಲ್ಲಿ ಬರೆದುಕೊಡುತ್ತದೆ, ಅಷ್ಟೆ.

ನೆಲದ ಕಥೆಯೂ ಹೆಣ್ಣಿನ ಕಥೆಗಿಂತ ಬಹಳ ಬೇರೆಯಲ್ಲ. ಬಂಕಾಪುರ ವರದಕ್ಷಿಣೆಯಾಗಿ ಹೋಯಿತು. 1853ರಲ್ಲಿ ಇದೇ ಎಡೆದೊರೆ ನಾಡು ಸಾಲದ ಬಾಬ್ತಿಗೆ ಹೋಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ವೆಚ್ಚಕ್ಕೆಂದು ನಿಜಾಮರು ಬೇರಾರದ ಜೊತೆಗೆ ಇದನ್ನೂ ಇಂಗ್ಲಿಷರ ಕೈಗೆ ಒಪ್ಪಿಸಿದರು. ಆ ಸೈನ್ಯದ ಒಂದು ತುಕಡಿಯ ದಂಡು ಲಿಂಗಸುಗೂರಿನಲ್ಲೇ ಇತ್ತು. 1857ರಲ್ಲಿ ನಿಜಾಮರು ಇಂಗ್ಲಿಷರ ಪರ ನಿಂತದ್ದಕ್ಕೆ 1860ರಲ್ಲಿ ಈ ನಾಡು ತಿರುಗಿ ನಿಜಾಮರಿಗೆ ಬಂತು. ಹೋಗುವಾಗ ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ. ಕೊಟ್ಟ ಹೆಣ್ಣು, ಒತ್ತೆಯಿಟ್ಟ ನೆಲ, ಎರಡಕ್ಕೂ ಬಾಯಿಲ್ಲ ಎಂಬುದು ಸಂಧಿಪತ್ರಗಳ ನಂಬಿಕೆ.

ಅದೆಲ್ಲ ರಾಜರ ಕಾಲ, ಈಗ ಪ್ರಜಾಪ್ರಭುತ್ವ ಎನ್ನುವವರಿಗೆ ಎರಡು ಸಂಗತಿ ನೆನಪಿಸಬೇಕು. ದೇಶ ವಿಭಜನೆಯಾದಾಗ ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ ಒಪ್ಪಿಸಬೇಕೆಂದು ಭಾರತ ಪಾಕಿಸ್ತಾನಗಳು ಒಪ್ಪಂದ ಮಾಡಿಕೊಂಡವು. 1949ರಲ್ಲಿ ನಮ್ಮಲ್ಲಿ ಅದಕ್ಕೊಂದು ಕಾಯಿದೆಯೇ ಬಂತು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಅಷ್ಟರಲ್ಲಿ ಕೆಲವರು ಹೊಸ ಮನೆಯಲ್ಲಿ ಮಕ್ಕಳ ತಾಯಂದಿರಾಗಿದ್ದರು, ಹೋಗಲಾರೆವೆಂದು ಅತ್ತರು. ಅವರ ಇಲ್ಲ ಎಂಬ ಮಾತಿಗೆ ಆ ಕಾಯಿದೆಯಲ್ಲಿ ಜಾಗವಿರಲಿಲ್ಲ. ಎರಡು ರಾಷ್ಟ್ರಗಳ ಮರ್ಯಾದೆ ಅವರ ಮೈಮೇಲೆ ಇತ್ಯರ್ಥವಾಯಿತು. ಮಾನವಶಾಸ್ತ್ರಜ್ಞೆ ವೀಣಾ ದಾಸ್, ಲೇಖಕಿ ಊರ್ವಶಿ ಬುಟಾಲಿಯಾ ಇಬ್ಬರೂ 1990ರ ದಶಕದಲ್ಲಿ ಇದನ್ನು ಬರೆದ ಮೇಲೆಯೇ ಈ ಮಾತು ಬಹಳ ಮಂದಿಗೆ ತಿಳಿದದ್ದು.

ಇನ್ನೊಂದು ಕೊಡಗಿನ ಹೆಣ್ಣುಮಗಳ ಸಂಗತಿ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕಿತ್ತು. ಗಂಡಸರಿಗೆ ಸಂಸಾರ ಅಡ್ಡಿಯಲ್ಲ, ಅನುಕೂಲ. ರಾಯಭಾರಿಯ ಮನೆಯ ಔತಣ, ಅತಿಥಿಗಳ ಉಪಚಾರ, ಯಾರ ಪಕ್ಕ ಯಾರನ್ನು ಕೂಡಿಸಬೇಕೆಂಬ ಸೂಕ್ಷ್ಮ, ಎಲ್ಲವನ್ನೂ ಹೆಂಡತಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಾಳೆ ಎಂಬುದರ ಮೇಲೆ ಜಗತ್ತಿನ ರಾಜತಂತ್ರ ನಿಂತಿದೆ ಎಂದು ಸಿಂಥಿಯಾ ಎನ್ಲೋ 1989ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಬೀಗರಿಕೆ ಮಾಡುವ ಕೈ ಬೇಕು, ಸಹಿ ಮಾಡುವ ಕೈ ಅದಾಗಬಾರದು! ಬಡ್ತಿಯಲ್ಲಿ ತಮ್ಮನ್ನು ಹಿಂದೆ ಹಾಕಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮುದಗಲ್ಲಿನ ಹುಡುಗಿ ಬಾಯಿಮಾತಿನಲ್ಲಿ ಹೇಳಿದ ಒಲ್ಲೆಯನ್ನು ಇವರು ಕಾಗದದ ಮೇಲೆ ಬರೆದರು. ಆದ್ದರಿಂದ ಅದಕ್ಕೆ ಬೇರೆಯವರು ಅರ್ಥ ಹಚ್ಚಲು ಆಗಲಿಲ್ಲ.

ಸಿಂಧನೂರಿಗೆ ಬಂದರೆ ಈ ಪ್ರಶ್ನೆ ಇತಿಹಾಸವಾಗಿ ಉಳಿಯುವುದಿಲ್ಲ, ಸಂತೆಯಲ್ಲಿ ಎದುರಾಗುತ್ತದೆ. ಈ ತಾಲ್ಲೂಕಿನಲ್ಲಿ ಕ್ಯಾಂಪ್ ಎಂಬುದು ಊರಿನ ಹೆಸರಿಗೆ ಹತ್ತುವ ಬಾಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ನೆಲೆನಿಂತ ಕ್ಯಾಂಪುಗಳು ಕೆಲವು. ಅವರು ಬೇಕೆಂದು ಬಂದವರು. ಬೇಡವಾಗಿ ಬಂದವರದು ಪುನರ್ವಸತಿ ಕ್ಯಾಂಪು, ಜನರ ಬಾಯಲ್ಲಿ ಆರ್.ಎಚ್. ಕ್ಯಾಂಪು. ಪೂರ್ವ ಪಾಕಿಸ್ತಾನವಾಗಿದ್ದ ನಾಡಿನಿಂದ ಓಡಿಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿ ಜಮೀನು ಕೊಟ್ಟು ಕೂರಿಸಿದರು. ಅವರಲ್ಲಿ ಹೆಚ್ಚಿನವರು ನಾಮಶೂದ್ರರು.

ನೆಹರೂ ಮತ್ತು ಲಿಯಾಕತ್ ಅಲಿ 1950ರ ಏಪ್ರಿಲ್ 8ರಂದು ದೆಹಲಿಯಲ್ಲಿ ಸಹಿ ಹಾಕಿ, ಎರಡೂ ಕಡೆಯ ಅಲ್ಪಸಂಖ್ಯಾತರಿಗೆ ರಕ್ಷಣೆಯ ಭರವಸೆ ಕೊಟ್ಟರು. ಆ ಭರವಸೆ ಪೂರ್ವ ಬಂಗಾಳದ ಹಳ್ಳಿಗಳಲ್ಲಿ ನಿಂತಿದ್ದರೆ ಸಿಂಧನೂರಿನ ಈ ಕ್ಯಾಂಪುಗಳೇ ಇರುತ್ತಿರಲಿಲ್ಲ. ಒಪ್ಪಂದದ ಪ್ರತಿ ಪತ್ರಾಗಾರದಲ್ಲಿ ಸಿಗುತ್ತದೆ, ಒಪ್ಪಂದ ಮುರಿದದ್ದರ ಪ್ರತಿ ಇಲ್ಲಿ ಸಿಗುತ್ತದೆ. ಮೀನು ಅನ್ನದ ನಾಡಿನಿಂದ ಜೋಳದ ರೊಟ್ಟಿಯ ನಾಡಿಗೆ ಬಂದವಳು ಒಲೆ ಹೇಗೆ ಹೂಡಿದಳು, ಬಿಳಿ ಶಂಖದ ಬಳೆ ತೊಟ್ಟ ಕೈ ಹಸಿರು ಗಾಜಿನ ಬಳೆ ತೊಟ್ಟ ಕೈಯಿಂದ ಮೊದಲ ಸಲ ಏನನ್ನು ಕಡ ಪಡೆಯಿತು, ಮಕ್ಕಳು ಕನ್ನಡ ಶಾಲೆಯಿಂದ ತಂದ ಭಾಷೆಯನ್ನು ತಾಯಿ ಹೇಗೆ ಕಲಿತಳು, ಇವು ಎರಡು ದೇಶಗಳ ಸಂಬಂಧದ ಚರಿತ್ರೆಯಲ್ಲದೆ ಮತ್ತೇನು? ನೆರೆಹೊರೆಯ ಆ ಮೊದಲ ರಾಯಭಾರವನ್ನು ಯಾವ ಕಚೇರಿಯೂ ನೇಮಿಸಿರಲಿಲ್ಲ.

ಮುಗಿಯದ ಸಂಗತಿಗಳೂ ಇವೆ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯವರು. ಇಲ್ಲಿಯೂ ಆ ಮಾನ್ಯತೆ ಬೇಕೆಂಬುದು ಕ್ಯಾಂಪಿನವರ ಬಹುಕಾಲದ ಬೇಡಿಕೆ. ಪೌರತ್ವ ತಿದ್ದುಪಡಿ ಕಾಯಿದೆ 2019ರಲ್ಲಿ ಬಂತು, ಅದರ ನಿಯಮಗಳು 2024ರ ಮಾರ್ಚಿನಲ್ಲಿ ಬಂದವು, ಆ ವರ್ಷದ ಆಗಸ್ಟಿನಲ್ಲಿ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ಐವತ್ತು ವರ್ಷ ಒಂದೇ ನೆಲದಲ್ಲಿ ಭತ್ತ ಬೆಳೆದವರಿಗೆ! ಆ ಕಾಯಿದೆ ಕೆಲವು ಧರ್ಮದವರನ್ನು ಸೇರಿಸಿ ಮುಸಲ್ಮಾನರನ್ನು ಹೊರಗಿಟ್ಟದ್ದರ ಬಗ್ಗೆ ದೇಶದಲ್ಲೆಲ್ಲ ದೊಡ್ಡ ವಾದವಾಯಿತು, ಆಗಬೇಕಾದದ್ದೇ. ಅದರ ಜೊತೆಗೆ ಇನ್ನೊಂದು ಮಾತೂ ಆಗಬೇಕಿತ್ತು. ನಮ್ಮಲ್ಲಿ ಜಮೀನಿನ ಪತ್ರ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತದೆ. ಮದುವೆಯಾದ ಹೆಣ್ಣಿನ ಊರೂ ಅಡ್ಡಹೆಸರೂ ಬದಲಾಗುತ್ತವೆ. ಎಲ್ಲಿಂದ, ಎಂದು ಬಂದೆ ಎಂಬುದಕ್ಕೆ ಕಾಗದ ತೋರಿಸು ಎಂದರೆ ಹೆಂಗಸಿನ ಹತ್ತಿರ ಇರುವುದು ನೆನಪು ಮಾತ್ರ. ನೆನಪಿಗೆ ಕಚೇರಿಯಲ್ಲಿ ಮೊಹರಿಲ್ಲ.

ಈ ನೆನಪನ್ನು ಕೇಳಿ ಬರೆದಿಡಲು ಮಾನವಶಾಸ್ತ್ರದ ವಿಧಾನಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಅದರ ಒಂದು ಕೆಟ್ಟ ಚಾಳಿಯನ್ನು ಮಾತ್ರ ಬಿಡಬೇಕು. ಬಂದವರು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಹೇಳಿದವಳಿಗೆ ತಿರುಗಿ ಏನೂ ಬರುವುದಿಲ್ಲ. ಉಡುಗೊರೆಯ ಶಾಸ್ತ್ರ ಕಲಿಸಿದವರೇ ಮುಯ್ಯಿ ತೀರಿಸದೆ ಹೋದರೆ ಹೇಗೆ? ದೂರದ ವಿಶ್ವವಿದ್ಯಾಲಯದವರು ಬರಲಿ ಎಂದು ಕಾಯುವುದಕ್ಕಿಂತ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಾಲೇಜು ಹುಡುಗಿಯರೇ ಈ ಕೆಲಸ ಮಾಡಬಹುದು. ಅವರ ಅಜ್ಜಿಯರಲ್ಲಿ ಕೆಲವರು ರಜಾಕಾರರ ಹಾವಳಿಯನ್ನೂ 1948ರ ಪೊಲೀಸ್ ಕಾರ್ಯಾಚರಣೆಯನ್ನೂ ಕಂಡವರು, ನಿಜಾಮನ ನಾಡು ಹೋಗಿ 1956ರಲ್ಲಿ ಕನ್ನಡ ರಾಜ್ಯ ಸೇರಿದ್ದನ್ನು ಕಂಡವರು. ಕ್ಯಾಂಪಿನ ಅಜ್ಜಿಯ ಹತ್ತಿರ ಹೋದಾಗ ಮೊದಲು ತಮ್ಮ ಮನೆಯ ಕಥೆ ಹೇಳಲಿ, ಆಮೇಲೆ ಅವರದನ್ನು ಕೇಳಲಿ. ಹೊಳೆ ಯಾವಾಗ ದಾಟಿದಿರಿ ಎಂದು ಕೇಳಿದ ಮೇಲೆ, ಹೊರಡೋಣ ಎಂದು ಮನೆಯಲ್ಲಿ ಮೊದಲು ಹೇಳಿದವರು ಯಾರು, ಬೇಡ ಎಂದವರು ಯಾರು ಎಂದೂ ಕೇಳಲಿ. ಬರೆದದ್ದನ್ನು ಓದಿ ಹೇಳಿ, ಅವರು ತಿದ್ದು ಎಂದ ಕಡೆ ತಿದ್ದಿ, ಒಂದು ಪ್ರತಿಯನ್ನು ಅವರ ಮನೆಯಲ್ಲೇ ಇಟ್ಟುಬರಲಿ. ಅಂದು ಇಪ್ಪತ್ತರ ಸೊಸೆಯಾಗಿ ಬಂದವರು ಈಗ ಎಪ್ಪತ್ತು ದಾಟಿದ್ದಾರೆ. ಈ ಕೆಲಸಕ್ಕೆ ಬಹಳ ದಿನ ಉಳಿದಿಲ್ಲ.